ಭಾವನ ಬೀಗ, ನನ್ನ ಹೆಬ್ಬೆರಳು

ಸರ್ಕಾರಕ್ಕೆ ದಿನವೂ ತಪ್ಪದೆ ನಮಸ್ಕಾರ ಹೇಳುವವರು ಇಡೀ ಕೊಡಗಿನಲ್ಲಿ ಒಬ್ಬರೇ ಇದ್ದರು. ಅವರು ನನ್ನ ಭಾವ, ಹೆಂಡತಿಯ ಅಣ್ಣ. ಫೋನು ಎತ್ತಿದರೆ ಹಲೋ ಎನ್ನುವುದುಂಟೆ? "ಕೇಳ್ತಾ ಇರುವ ಸರ್ಕಾರದವರಿಗೆ ನಮಸ್ಕಾರ. ಈಗ ಕರಿಮೆಣಸಿನ ವಿಷಯ ಮಾತಾಡ್ತೇವೆ, ನಿಮಗೆ ಬೇಡದ್ದು!"

ಸಂಪಾಜೆಯ ಅವರ ಮನೆಗೆ ಹೋದರೆ ನಮ್ಮ ಫೋನುಗಳೆಲ್ಲ ಅಕ್ಕಿ ಡಬ್ಬಿಗೆ. ಮುಚ್ಚಳ ಬಿದ್ದ ಮೇಲೆಯೇ ಕಾಫಿ.

"ನಿಮ್ಮ ಮಾತು ಈ ಮನೆಯಲ್ಲೇ ಯಾರೂ ಕೇಳುದಿಲ್ಲ, ಇನ್ನು ಸರ್ಕಾರ ಕೇಳ್ತದಾ?" ಎನ್ನುತ್ತಿದ್ದರು ಅವರ ಹೆಂಡತಿ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನು.

ಒಮ್ಮೆ ಮೊಮ್ಮಗಳು ಅವರಿಗೆ ವಿವರಿಸಿದಳು: ಫೋನಿನ ಮೆಸೇಜಿಗೆ ಬೀಗವಿರುತ್ತದೆ, ಕಳಿಸಿದವರು ಮತ್ತು ಪಡೆದವರು ಬಿಟ್ಟರೆ ಆ ಕಂಪೆನಿಯವರೂ ಓದಲಾರರು, ಸರ್ಕಾರ ಕೀಲಿ ಕೇಳುತ್ತಲೇ ಇದೆ, ಸಿಕ್ಕಿಲ್ಲ. ಭಾವನಿಗೆ ಹಬ್ಬ! ಹಲಸು ಹಣ್ಣಾದದ್ದು, ಹೆಂಡತಿ ಬೈದದ್ದು, ಎಲ್ಲ ನನಗೆ ಗುಟ್ಟಾಗಿ ಬರತೊಡಗಿತು.

ಆಮೇಲೆ ಒಂದು ನಿಜವಾದ ಗುಟ್ಟು ಬಂತು. ಹಿಂದೆ ಮಳೆಗೆ ಅವರ ಊರಿನ ಗುಡ್ಡ ಕುಸಿದ ಜಾಗದ ಮೇಲ್ಗಡೆಯೇ ಮತ್ತೆ ಕಲ್ಲುಕೋರೆ ಶುರುವಾಗಿತ್ತು. "ಸೋಮವಾರ ಲಾರಿಗಳಿಗೆ ಅಡ್ಡ ಕೂರುತ್ತೇವೆ, ಬನ್ನಿ" ಎಂದು ಭಾವ ಬರೆದಿದ್ದರು. "ಬರುತ್ತೇನೆ" ಎಂದು ಬರೆದೆ.

ಶನಿವಾರ ಮೂರ್ನಾಡಿನ ನನ್ನ ಮನೆಗೆ ಪರಿಚಯದ ಪೊಲೀಸಿನವನೊಬ್ಬ ಬಂದ. ಕಾಫಿ ಹೊಗಳಿದ. ಗೋಡೆಯ ಮೇಲಿದ್ದ ನನ್ನ ಅಜ್ಜನ ಕಾಲದ ಕೋವಿ ನೋಡಿ, "ಕಾಗದ ಎಲ್ಲ ಸರಿ ಉಂಟಲ್ಲ ಅಣ್ಣ?" ಎಂದ. ಮತ್ತೆ ಮೆಲ್ಲಗೆ, "ಭಾವ ಎಂತದೋ ಬರ್ದಿದ್ದಾರಂತಲ್ಲ. ಒಮ್ಮೆ ತೋರ್ಸಿ."

ಆದೇಶ ಎಲ್ಲಿದೆ ಎಂದು ನಾನು ಕೇಳಲಿಲ್ಲ. ಕೋವಿಯಿಲ್ಲದ ಗೋಡೆಯನ್ನು ನೆನೆದು ಫೋನಿಗೆ ಹೆಬ್ಬೆರಳು ಒತ್ತಿದೆ. ಯಾರ ಕೈಗೂ ಸಿಗದ ಕೀಲಿ ಆ ಬೆರಳಲ್ಲಿತ್ತು.

ಭಾನುವಾರ ಬೆಳಗಿನಿಂದ ಕತ್ತಲಾಗುವವರೆಗೆ ಭಾವನನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿದರು. ಸೋಮವಾರ ಲಾರಿಗಳು ಆರಾಮವಾಗಿ ಓಡಾಡಿದವು.

"ಬೀಗ ಒಡೆದ್ರು ನೋಡಿ ಭಾವ! ನಾನು ಹೇಳಿದ್ರೆ ನಗ್ತಿದ್ರಲ್ಲ?" ಎಂದರು ಆಮೇಲೆ. ನಾನು ತಲೆಯಾಡಿಸಿದೆ. ಈಗ ಆ ಮನೆಯಲ್ಲಿ ಯಾರೂ ನಗುವುದಿಲ್ಲ. ಅವರ ಫೋನು ಅಕ್ಕಿ ಡಬ್ಬಿ ಬಿಟ್ಟು ಹೊರಬರುವುದಿಲ್ಲ. ಹೇಳಲು ಏನಾದರೂ ಇದ್ದರೆ ಎರಡು ಬಸ್ಸು ಹತ್ತಿ ಬಂದು ನನ್ನ ಕಿವಿಯಲ್ಲಿ ಹೇಳುತ್ತಾರೆ. ಲೋಕದಲ್ಲಿ ಅವರು ನಂಬುವುದು ಈ ಒಂದು ಕಿವಿಯನ್ನು!

ಹೋದ ವಾರವೂ ಬಂದಿದ್ದರು. ನನ್ನ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು ಪಿಸುಗುಟ್ಟಿದರು:

"ಜೊತೆಯಲ್ಲಿ ಯಾರೆಲ್ಲ ಅಂತ ದಿನವಿಡೀ ಕೇಳಿದ್ರು. ನಿಮ್ಮ ಹೆಸ್ರು ನಾನು ಹೇಳ್ಲಿಲ್ಲ. ಮಂಡೆಬಿಸಿ ಮಾಡ್ಬೇಡಿ."

ಅವರನ್ನು ಬಸ್ಸು ಹತ್ತಿಸಿ ಬಂದು ಇದನ್ನೆಲ್ಲ ಬರೆಯಲು ಕೂತೆ. ಭಾವ, ಇದಕ್ಕೆ ಬೀಗ ಹಾಕಿಲ್ಲ. ಓದಿ.