ಸಾಹೇಬರು ಹೇಳಿಹೋದ ಪರ್ಫಂಕ್ಟರಿ

ಅರ್ಥ ಗೊತ್ತಿಲ್ಲದ ಇಂಗ್ಲಿಷ್ ಶಬ್ದವೆಂದರೆ ಗುರುತು ಸಿಗದ ನೆಂಟನಿದ್ದಂತೆ. ಚಪ್ಪಲಿ ಬಿಟ್ಟು ಒಳಗೆ ಬಂದು ಕಂಬಳಿಯ ಮೇಲೆ ಕುಳಿತವನನ್ನು ‘ನೀವು ಯಾರು?’ ಎಂದು ಕೇಳುವ ಹಾಗಿಲ್ಲ. ಹಲ್ಲು ಕಿರಿದು ‘ಮನ್ಯಾಗ ಎಲ್ಲಾರೂ ಆರಾಮ?’ ಎನ್ನಬೇಕು. ಬೇರೆಯವರಿಗಾದರೆ ಇದು ದೊಡ್ಡ ಸಂಗತಿಯಲ್ಲ. ಆದರೆ ನಾನು ರೋಣದಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದೆ. ಮುಂಬಯಿ ಸರಕಾರದ ಕಾಲ ಅದು. ಎಂಟನೆಯ ಇಯತ್ತೆಗೆ ಬಂದ ಮೇಲೆಯೇ ಹುಡುಗರಿಗೆ ಎ ಬಿ ಸಿ ಯೋಗ. ಊರಲ್ಲಿ ಯಾರಿಗೆ ತಾರು ಬಂದರೂ ಓದಿಸಲು ನನ್ನ ಮನೆಗೆ ತರುತ್ತಿದ್ದರು. ಔಷಧದ ಬಾಟಲಿ ಹಿಡಿದು ಮೆಣಸಗಿಯಿಂದಲೂ ಬರುತ್ತಿದ್ದರು. ಅಂಥವನ ಬಾಯಲ್ಲಿ ‘ಗೊತ್ತಿಲ್ಲ’ ಎಂಬ ಮಾತು ಬರಕೂಡದೆಂದು ಯಾರೂ ಕಾಯಿದೆ ಮಾಡಿರಲಿಲ್ಲ, ನಾನೇ ಮಾಡಿಕೊಂಡಿದ್ದೆ.

ಆ ವರ್ಷ ಶಾಲೆಯ ತಪಾಸಣೆಗೆ ಧಾರವಾಡದಿಂದ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ನಮ್ಮಲ್ಲೊಂದು ಪದ್ಧತಿಯಿತ್ತು. ತಪಾಸಣೆಗೆ ಬಂದವರ ಊಟ, ನೌಕರಿ ಇನ್ನೂ ಕಾಯಂ ಆಗದ ಮಾಸ್ತರನ ಮನೆಯಲ್ಲಿ. ಹಾಗೆ ಉಳಿದವನು ನಾನೊಬ್ಬನೇ. ನಾನು ಕಾಯಂ ಆದ ದಿನ ಎಮ್ಮೆ ಕಟ್ಟಬೇಕೆಂದು ಹೆಂಡತಿ ಶಾಂತವ್ವ ಹಿತ್ತಲಲ್ಲಿ ಗೂಟವನ್ನು ಆಗಲೇ ಹುಗಿಸಿದ್ದಳು. ಎಮ್ಮೆಯಿಲ್ಲದ ಆ ಗೂಟ ಎಡವಿ ನಾನು ಬಿದ್ದದ್ದೂ ಉಂಟು. ಆಕೆ ಅಂದು ಹೋಳಿಗೆ ಮಾಡಿದಳು. ಸಾಹೇಬರು ತುಪ್ಪ ಸುರಿಸಿಕೊಂಡು ಉಂಡರು, ಬೇಡ ಬೇಡ ಎನ್ನುತ್ತಲೇ ಇನ್ನೊಂದು ಹಾಕಿಸಿಕೊಂಡರು. ಮಧ್ಯಾಹ್ನ ನನ್ನ ವರ್ಗಕ್ಕೆ ಬಂದು ಕಣ್ಣು ಮುಚ್ಚಿ ಕುಳಿತರು. ಕೇಳುತ್ತಿದ್ದಾರೋ ಮಲಗಿದ್ದಾರೋ ತಿಳಿಯಲಿಲ್ಲ. ನಾನು ಪಾಠ ಓದಿದೆ, ಅರ್ಥ ಹೇಳಿದೆ, ಹುಡುಗರಿಂದ ಬರೆಸಿದೆ. ಗಂಟೆಯಾಯಿತು. ಸಾಹೇಬರು ಎದ್ದು ಬಾಗಿಲಲ್ಲಿ ನಿಂತು, ಮುಗುಳ್ನಗುತ್ತ, ನನ್ನ ಪಾಠ ‘ಪರ್ಫಂಕ್ಟರಿ’ ಎಂದು ಇಂಗ್ಲಿಷಿನಲ್ಲಿ ಹೇಳಿ ಜೀಪು ಹತ್ತಿದರು. ನಾನು “ಥ್ಯಾಂಕ್ ಯೂ ಸರ್” ಎಂದೆ. ಇನ್ನೇನು ಅನ್ನಲಿ?

ಪಕ್ಕದಲ್ಲೇ ನಿಂತಿದ್ದರು ಶಾಲೆಯ ಕಮಿಟಿಯ ಚೇರಮನ್ ಬಸಲಿಂಗಪ್ಪನವರು. ಹತ್ತಿಯ ವ್ಯಾಪಾರಿ, ನನ್ನನ್ನು ಕಾಯಂ ಮಾಡುವುದೂ ಬಿಡುವುದೂ ಅವರ ಕೈಯಲ್ಲಿ.

“ಏನಂದ್ರ ಸಾಹೇಬ್ರು?”

“ಪರ್ಫಂಕ್ಟರಿ ಅಂದ್ರು.”

“ಹಂಗಂದ್ರ?”

“ಭಾಳ ದೊಡ್ಡ ಶಬ್ದರಿ. ನಿಂತಲ್ಲೆ ಹೇಳೂವಂಥಾದ್ದಲ್ಲ.”

“ಹೊಗಳಿದ್ದ ಹೌದಲ್ರಿ ಮತ್ತ! ಉಂಡ ಮನಿಯವ್ರನ್ನ ಯಾರರೆ ಬೈತಾರೇನು? ಅದೂ ಎರಡನೇ ಹೋಳಿಗಿ ಹಾಕಿಸ್ಕೊಂಡು! ಐತವಾರ ಒಂದು ಸಭಾ ಮಾಡೂಣು. ಹಾರಾ ಹಾಕಿ, ನಿಮ್ಮನ್ನ ಕಾಯಂ ಮಾಡೇವಂತ ಅಲ್ಲೇ ಸಾರತೀನಿ. ನೀವು ಆ ಶಬ್ದದ ಅರ್ಥಾ ಮಂದಿಗೆ ಬಿಡಿಸಿ ಹೇಳ್ರಿ.”

ಎಮ್ಮೆ ಹಿತ್ತಲ ಬಾಗಿಲವರೆಗೆ ಬಂದಿತ್ತು; ನಡುವೆ ಒಂದು ಶಬ್ದ ಅಡ್ಡ ಮಲಗಿತ್ತು. ಶಾಲೆಯ ನಿಘಂಟಿನ ಕೊನೆಯ ಅರ್ಧವನ್ನು ಗೆದ್ದಲು ತಿಂದಿತ್ತು. ಹೆಡ್‌ಮಾಸ್ತರರನ್ನು ಕೇಳೋಣವೆಂದರೆ ಅವರು ಗಣಿತದವರು. ಅವರ ಇಂಗ್ಲಿಷ್ ಎ ಬಿ ಸಿ ಮತ್ತು ಎಕ್ಸ್ ವಾಯ್ ಝಡ್, ನಡುವಿನದೇನೂ ಇಲ್ಲ. ಅಷ್ಟರಲ್ಲಿ ಶಬ್ದವೇ ಊರಲ್ಲಿ ತಿರುಗಾಡತೊಡಗಿತು. ಸಭೆಗೆಂದು ನನ್ನ ಹಳೆಯ ಕೋಟು ರಿಪೇರಿ ಮಾಡಿದ ಟೇಲರ್ ಇಮಾಮಸಾಬ, “ಕಾಲರ್ ನೋಡ್ರಿ ಮಾಸ್ತರ, ಹ್ಯಾಂಗ ಪರ್ಫಂಕ್ಟರಿ ಕುಂತೈತಿ!” ಎಂದ. ನಾನು ಕನ್ನಡಿ ನೋಡಿದೆ. ಕಾಲರ್ ನಿಜಕ್ಕೂ ಚೆನ್ನಾಗಿ ಕುಳಿತಿತ್ತು. ಹಾಗಾದರೆ ಒಳ್ಳೆಯ ಶಬ್ದವೇ ಇರಬೇಕು ಎಂದು ಧೈರ್ಯ ಬಂತು. ಮನೆಗೆ ಬರುವಷ್ಟರಲ್ಲಿ, ಇಮಾಮಸಾಬ ಅದನ್ನು ಕಲಿತದ್ದು ನನ್ನಿಂದಲೇ ಅಲ್ಲವೆ ಎಂಬುದು ನೆನಪಾಗಿ ಧೈರ್ಯ ಇಳಿಯಿತು. ತಲೆ ಚಿಟ್ಟು ಹಿಡಿದುಹೋಯಿತು.

ಶನಿವಾರ ಬಸ್ಸು ಹತ್ತಿ ಗದಗಿಗೆ ಹೋದೆ. ಪುಸ್ತಕದಂಗಡಿಯಲ್ಲಿ ಕೊಳ್ಳುವವನಂತೆ ಒಂದು ದಪ್ಪ ನಿಘಂಟು ತೆಗೆಸಿ, ನಿಂತಲ್ಲೇ ತೆರೆದೆ. ಮನಸ್ಸಿಲ್ಲದೆ, ಮಾಡಬೇಕಲ್ಲ ಎಂದು ಮಾಡಿ ಕೈತೊಳೆದುಕೊಂಡದ್ದು ಎಂದಿತ್ತು. ಅಚ್ಚಿನ ತಪ್ಪಿರಬಹುದೆಂದು ಇನ್ನೊಂದನ್ನು ತೆಗೆಸಿದೆ. ಅದರಲ್ಲಿ ಇನ್ನೂ ಸ್ಪಷ್ಟವಾಗಿತ್ತು. “ಯಾವ್ದು ಕಟ್ಟಲಿರಿ?” ಎಂದ ಅಂಗಡಿಯವ. “ಇದಕ್ಕಿಂತ ಚಲೋ ಅರ್ಥ ಇರೂವಂಥಾದ್ದು ಇಲ್ಲೇನ್ರಿ?” ಎಂದು ಕೇಳಿ ಹೊರಬಿದ್ದೆ. ಒಬ್ಬ ಮನುಷ್ಯ ನನ್ನ ಮನೆಯ ಎರಡು ಹೋಳಿಗೆ ತಿಂದು, ನಕ್ಕು, ಹೀಗೆ ಬೈಯಬಹುದೆ? ನನಗೆ ಸಿಟ್ಟು ಬಂತು, ಅಳುವೂ ಬಂತು. ಯಾವುದು ಮೊದಲೆಂದು ತಿಳಿಯಲಿಲ್ಲ.

ಸಂಜೆ ಶಾಂತವ್ವನ ಮುಂದೆ ಎಲ್ಲ ಹೇಳಿದೆ. ಆಕೆ ಜೋಳ ಕೇರುವುದನ್ನು ನಿಲ್ಲಿಸಲಿಲ್ಲ. “ನಮ್ಮಣ್ಣ ಶಿರೋಳದಾಗ ಎಮ್ಮಿ ನೋಡಿ ಬಂದಾನ್ರಿ. ಸಾಹೇಬ್ರು ಹೋದ್ರ ಹೋಗ್ಲಿ, ಎಮ್ಮಿ ಹೋಗಬಾರ್ದು,” ಎಂದಳು.

ಸಭೆ ಸೇರಿತು. ಪ್ರಾರ್ಥನೆ ಹಾಡುವ ಹುಡುಗಿಯರು ಎರಡನೆಯ ನುಡಿ ಮರೆತು ಮೊದಲನೆಯದನ್ನೇ ಇನ್ನೊಮ್ಮೆ ಹಾಡಿ ಕುಳಿತರು. ಹಾರ ಹಿಂದಿನ ದಿನ ಯಾರದೋ ಮದುವೆಯಲ್ಲಿ ಉಳಿದದ್ದು. ಅದರಲ್ಲಿ ನಾಲ್ಕು ಅಕ್ಷತೆ ಕಾಳೂ ಇದ್ದವು. ಬಸಲಿಂಗಪ್ಪನವರು ಮಾಮಲೇದಾರರ ಸತ್ಕಾರಕ್ಕೆ ಬರೆಸಿದ್ದ ಭಾಷಣವನ್ನೇ ಓದಿದರು. ತಾಲೂಕಿನ ತುಂಬ ನಾನು ಬಾವಿ ತೋಡಿಸಿದ್ದೇನೆಂಬುದು ನನಗೆ ಆಗಲೇ ತಿಳಿದದ್ದು. ಮಂದಿ ಬೇರೆ ಕಡೆ ನೋಡುತ್ತ ಚಪ್ಪಾಳೆ ತಟ್ಟಿದರು. ಹಿಂದಿನವರು ಎದ್ದು ಹೋಗಲು ದಾರಿ ನೋಡುತ್ತಿದ್ದರು. ‘ಕಾಟಾಚಾರ’ ಎಂಬ ನಮ್ಮ ಕನ್ನಡದ ಶಬ್ದ ನನ್ನ ನಾಲಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ನುಂಗಿ ಎದ್ದೆ.

“ಈ ಶಬ್ದಕ್ಕ ಕನ್ನಡದಾಗ ಜೋಡಿ ಇಲ್ರಿ. ಆದ್ರ ಇವತ್ತಿನ ಈ ಸಮಾರಂಭ ಕಣ್ಣಾರೆ ನೋಡಿದವ್ರಿಗೆ ಅರ್ಥಾ ಬ್ಯಾರೆ ಹೇಳಬೇಕಾಗಿಲ್ಲ,” ಎಂದೆ.

ಭಾರಿ ಚಪ್ಪಾಳೆ. ಬಸಲಿಂಗಪ್ಪನವರು ಕಣ್ಣೊರೆಸಿಕೊಂಡು, “ಅಂದ್ರ ನಮ್ಮ ಸಭಾನೂ ಪರ್ಫಂಕ್ಟರಿ ಆತಂತೀರಿ?” ಎಂದರು.

“ಖರೇ ಹೇಳ್ತೀನ್ರಿ, ಪೂರಾ ಆತು.”

ನಾನು ಕಾಯಂ ಆದೆ. ಎಮ್ಮೆ ಬಂತು.

ಆದರೂ ಮನಸ್ಸು ಚುಚ್ಚುತ್ತಲೇ ಇತ್ತು. ಊರಿಗೆ ಹೇಳಲಾಗದ ಅರ್ಥವನ್ನು ನನ್ನ ಹುಡುಗರಿಗಾದರೂ ನೆಟ್ಟಗೆ ಹೇಳಬೇಕೆಂದು ಒಂದು ದಿನ ಗಟ್ಟಿ ಮನಸ್ಸು ಮಾಡಿ ವರ್ಗಕ್ಕೆ ಹೋದೆ. ಶಬ್ದವನ್ನು ಹಲಗೆಯ ಮೇಲೆ ಬರೆದು ಓದಿದೆ, ಅರ್ಥ ಹೇಳಿದೆ, ಹುಡುಗರಿಂದ ಬರೆಸಿದೆ. ಗಂಟೆಯಾಯಿತು. ಕೈಗೆ ಹತ್ತಿದ ಸುಣ್ಣದ ಖಡುವಿನ ಪುಡಿ ಝಾಡಿಸಿಕೊಂಡು ಹೊರಟವನು, ಅಂದು ಸಾಹೇಬರು ನಿಂತಿದ್ದ ಬಾಗಿಲಿಗೆ ಬಂದಾಗ ಥಟ್ಟನೆ ನಿಂತುಬಿಟ್ಟೆ. ಹಿಂದಿರುಗಿ ಇನ್ನೊಮ್ಮೆ, ಮನಸ್ಸಿಟ್ಟು, ಪಾಠ ಮಾಡೋಣವೆನಿಸಿತು. ಆದರೆ ಗಂಟೆ ಬಾರಿಸಿಯಾಗಿತ್ತು, ಮನೆಯಲ್ಲಿ ಎಮ್ಮೆಗೆ ಹೊಟ್ಟು ಇರಲಿಲ್ಲ, ಮೇಲಾಗಿ ನಾನು ಕಾಯಂ ಆಗಿದ್ದೆ.