ಮೊಣಕಾಲು ಉಳಿಸಿಕೊಂಡ ಕಥೆ

ವ್ಯಾಪಾರದಲ್ಲಿ ನನ್ನನ್ನು ಕೆಡವಿದವರು ಇದುವರೆಗೆ ಹುಟ್ಟಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ಕಂಪ್ಯೂಟರುಗಳ ಬಿಡಿಭಾಗ ಮಾರುತ್ತ, ಅಂಗಡಿ ಮುಚ್ಚಿದ ಮೇಲೆ ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆ ಕಲಿತು, ಎರಡು ಸಾವಿರನೇ ಇಸವಿ ಬಂದರೆ ಜಗತ್ತಿನ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆ ಎಂಬ ಗಾಬರಿಯ ಪುಣ್ಯದಿಂದ ಟೋಕಿಯೋ ಸೇರಿದವನು ನಾನು. ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಬೆಲೆ ಕೇಳಬೇಕು, ಮುಖ ಸಿಂಡರಿಸಬೇಕು, ಒಂದು ಹೆಜ್ಜೆ ಹಿಂದಕ್ಕೆ ಇಡಬೇಕು. ಅಂಗಡಿಯವನು ಹಿಂದಿನಿಂದ "ಬನ್ನಿ ಸಾರ್, ಬನ್ನಿ" ಎಂದು ಕರೆದೇ ಕರೆಯುತ್ತಾನೆ. ಜೀವನದಲ್ಲಿ ನಾನು ಮುಂದೆ ಬಂದದ್ದೇ ಆ ಹಿಂದಿನ ಹೆಜ್ಜೆಯಿಂದ.

ಜಪಾನಿನಲ್ಲಿ ಆ ವಿದ್ಯೆ ನಡೆಯುವುದಿಲ್ಲ. ಒಂದು ಹೆಜ್ಜೆ ಹಿಂದಕ್ಕಿಟ್ಟರೆ ಅಂಗಡಿಯವನು ನಡು ಬಗ್ಗಿಸಿ, "ಅರಿಗಾತೋ" ಎನ್ನುತ್ತ ಬಾಗಿಲವರೆಗೂ ಬಂದು ಬೀಳ್ಕೊಡುತ್ತಾನೆ. ಹೀಗೆ ಕೈಕಟ್ಟಿ ಹಾಕಿದಂತೆ ಬದುಕುತ್ತಿದ್ದವನಿಗೆ ಒಂದು ಜನವರಿಯ ಭಾನುವಾರ, ನಮ್ಮ ಮನೆಯಿದ್ದ ಗ್ಯೋಟೋಕುವಿನ ಸ್ಟೇಷನ್ನಿನ ಮುಂದೆ ಯಾರೋ ಒಂದು ಕರಪತ್ರ ಕೊಟ್ಟರು. ನಾಗಾನೋದ ಬೆಟ್ಟದಲ್ಲಿ, ಹಿಮದ ಮೇಲೆ ಜಾರುವ ಸ್ಕೀ ಶಿಬಿರ. ಒಬ್ಬರ ಶುಲ್ಕಕ್ಕೆ ಇಬ್ಬರು. ಅಷ್ಟು ಜಪಾನಿ ನನಗೆ ಬರುತ್ತಿತ್ತು. ಮಾಮೂಲಿ ಸ್ಕೀ ತರಗತಿಗೆ ಈ ರಿಯಾಯಿತಿ ಇರಲಿಲ್ಲ. ಹಿಮದ ದಿಬ್ಬದಿಂದ ಗಾಳಿಗೆ ಹಾರಿ ಇಳಿಯುವುದನ್ನು ಕಲಿಸುವ ಫ್ರೀಸ್ಟೈಲ್ ತರಗತಿಗೆ ಮಾತ್ರ ಇತ್ತು. ಅದಕ್ಕೇಕೆ ಜನ ಸಿಕ್ಕಿಲ್ಲ ಎಂದು ಯೋಚಿಸುವುದು ಗಿರಾಕಿಯ ಕೆಲಸವಲ್ಲ.

"ರೀ, ಮುಂದಿನ ತಿಂಗಳು ವೀಣಾ ಮದುವೆ," ಎಂದಳು ನನ್ನ ಹೆಂಡತಿ ವಸುಧಾ.

ವೀಣಾ ಅವಳ ತಂಗಿ. ಮಾವನವರು ತೀರಿಕೊಂಡಿದ್ದರಿಂದ ಹಿರಿಯ ಅಳಿಯನಾದ ನಾನೂ ವಸುಧಾಳೂ ಮೈಸೂರಿಗೆ ಹೋಗಿ, ಮಣೆಯ ಮೇಲೆ ಕೂತು ಧಾರೆ ಎರೆದು ಕೊಡಬೇಕಿತ್ತು.

"ಗೊತ್ತು. ಅದಕ್ಕೂ ಇದಕ್ಕೂ ಏನು ಸಂಬಂಧ?"

"ಕಾಲು ಮುರ್ಕೊಂಡು ಬಂದ್ರೆ ಚಕ್ಕಳಮಕ್ಕಳ ಹಾಕ್ಕೊಂಡು ಕೂರೋದು ಯಾರು? ನಿಮ್ಮ ಬದ್ಲು ನಿಮ್ಮ ಫೋಟೋ ಇಡ್ಲಾ?"

"ಹುಚ್ಚಿ, ರಿಸ್ಕ್ ಮ್ಯಾನೇಜ್‌ಮೆಂಟ್ ನನ್ನ ದಿನನಿತ್ಯದ ಆಫೀಸ್ ಕೆಲ್ಸ ಕಣೇ."

"ಆಫೀಸಲ್ಲಿ ಬೀಳೋದು ಕಂಪ್ಯೂಟರ್ರು, ನೀವಲ್ಲ."

ಸುದ್ದಿ ಮೈಸೂರಿಗೂ ತಲುಪಿತು. ಅತ್ತೆಯವರು ಫೋನಿನಲ್ಲಿ ಮೆಲ್ಲಗೆ ಹೇಳಿದರು: "ಅಳಿಯಂದ್ರೇ, ಏನಾದ್ರೂ ಆಡ್ಕೊಳ್ಳಿ, ಮೊಣಕಾಲೊಂದು ಜೋಪಾನ. ಅಪ್ಪ ಇಲ್ಲದ ಮಗು ಅದು. ಮನೇಲಿ ಅಳಿಯ ಇದ್ದೂ ಬೇರೆಯವರ ಕೈಲಿ ಧಾರೆ ಎರೆಸೋ ಹಾಗಾಗ್ಬಾರ್ದು."

"ನಿಮ್ಮ ಅಳಿಯನ ಮೊಣಕಾಲಿಗೆ ನಾನು ಗ್ಯಾರಂಟಿ ಅತ್ತೆ," ಎಂದು ಮಾತು ಕೊಟ್ಟೆ. ಅಂದಿನಿಂದ ನನ್ನ ಬುದ್ಧಿಶಕ್ತಿಯೆಲ್ಲ ಮೊಣಕಾಲಿನ ಸುತ್ತಲೇ ತಿರುಗಿತು.

ಆಫೀಸಿನಲ್ಲಿ ನಮ್ಮ ತಂಡದ ಮುಖ್ಯಸ್ಥ ಮೊರಿತಾ-ಸಾನ್‌ಗೆ, ಅಂದರೆ ಮೊರಿತಾ ಅವರಿಗೆ, ರಜೆಯ ಕಾರಣ ಹೇಳಿದೆ. ಅವರು ಕೇಳಿದ್ದಕ್ಕೆಲ್ಲ ಜಪಾನಿಯಲ್ಲಿ "ಹಾಯ್", ಅಂದರೆ ಹೌದು, ಎನ್ನುತ್ತ ಹೋದೆ.

"ಮೊದಲನೇ ಸಲ ಸ್ಕೀ?"

"ಹಾಯ್."

"ನೇರವಾಗಿ ಫ್ರೀಸ್ಟೈಲ್?"

"ಹಾಯ್."

ಮೊರಿತಾ-ಸಾನ್ ತಲೆ ಓರೆ ಮಾಡಿ, ಹಲ್ಲಿನ ಸಂದಿಯಿಂದ "ಸ್ಸ್ಸ್" ಎಂದು ಗಾಳಿ ಎಳೆದುಕೊಂಡರು. ಜಪಾನಿನಲ್ಲಿ ಇದರ ಅರ್ಥ, ಮಹಾರಾಯ, ದಯವಿಟ್ಟು ಈ ಕೆಲಸಕ್ಕೆ ಕೈ ಹಾಕಬೇಡ ಎಂದು. ಹೊಟ್ಟೆಕಿಚ್ಚಿರಬೇಕು ಎಂದುಕೊಂಡೆ.

ಟೋಕಿಯೋದ ಕಾಂದಾ ಬಡಾವಣೆಯ ಅಂಗಡಿಯೊಂದರಲ್ಲಿ, ಕಾಲಿಗೆ ಕಟ್ಟಿಕೊಳ್ಳುವ ಹಳೆಯ ಸ್ಕೀ ಹಲಗೆಗಳನ್ನು ರಾಶಿ ಹಾಕಿದ್ದರು. ಉದ್ದದ್ದು, ಗಿಡ್ಡದ್ದು ಎಲ್ಲಕ್ಕೂ ಒಂದೇ ಬೆಲೆ. ವಸುಧಾ ನೀಲಿ ಹೂವಿರುವ ಗಿಡ್ಡ ಜೋಡಿ ಆರಿಸಿಕೊಂಡಳು. ಅದೇ ದುಡ್ಡಿಗೆ ಇಷ್ಟು ಕಡಿಮೆ ಮರ ತೆಗೆದುಕೊಳ್ಳುತ್ತಿದ್ದಾಳಲ್ಲ ಎಂದು ನನಗೆ ಸಂಕಟವಾಯಿತು. ನಷ್ಟ ಸರಿದೂಗಿಸಲು ಅಂಗಡಿಯಲ್ಲೇ ಅತಿ ಉದ್ದದ ಜೋಡಿ ನಾನು ತೆಗೆದುಕೊಂಡೆ. ಅಂಗಡಿಯವನು "ಸ್ಸ್ಸ್" ಎಂದ.

ಇನ್ನು ಮೊಣಕಾಲು. ಕ್ರೀಡಾ ಅಂಗಡಿಯಲ್ಲಿ ಸಿಗುವ ನೀ-ಪ್ಯಾಡು ತೆಳ್ಳಗಿತ್ತು. ಆಫೀಸಿಗೆ ಹೊಸ ಮಾನಿಟರುಗಳು ಬಂದ ಡಬ್ಬಗಳಲ್ಲಿ ಗಟ್ಟಿ ಫೋಮು ಪುಕ್ಕಟೆ ಬಿದ್ದಿತ್ತು. ಅದನ್ನು ಕತ್ತರಿಸಿ, ಎರಡೂ ಮೊಣಕಾಲಿಗೆ ಸುತ್ತಿ, ಮೇಲೆ ಅಂಟುಪಟ್ಟಿ ಬಿಗಿದೆ. ಲಾರಿಯಿಂದ ಬಿದ್ದರೂ ಮಾನಿಟರು ಒಡೆಯದ ಫೋಮು ಅದು.

"ಕಾಲು ಮಡಚಕ್ಕೆ ಬರತ್ತಾ?" ಎಂದಳು ವಸುಧಾ.

"ಮಡಚದಿದ್ರೇ ಅಲ್ವಾ ಮುರಿಯದೆ ಉಳಿಯೋದು?"

ಈ ತರ್ಕದಲ್ಲಿ ಏನೋ ಕೊರತೆಯಿದೆ ಎಂದು ನಿಮಗೆ ಅನ್ನಿಸಿದರೆ, ನೀವು ನನಗಿಂತ ಜಾಣರು.

ಬೆಟ್ಟದ ಮೇಲೆ, ತಂತಿಯಲ್ಲಿ ತೂಗಿ ಹೋಗುವ ಗೊಂಡೊಲಾದಿಂದ ಇಳಿದು ಸುತ್ತ ನೋಡಿದೆ. ಮರಗಳೆಲ್ಲ ಬುಡದಿಂದ ತುದಿಯವರೆಗೆ ಹಿಮ ಮೆತ್ತಿಕೊಂಡು, ಸಾಲಾಗಿ ಬೆಣ್ಣೆ ಅಲಂಕಾರ ಮಾಡಿಸಿಕೊಂಡ ಆಂಜನೇಯರಂತೆ ನಿಂತಿದ್ದವು. ಮೋಡ ನಮ್ಮ ಕಾಲಿನ ಕೆಳಗಿತ್ತು. ಸದ್ದೇ ಇಲ್ಲ. ಅಷ್ಟರಲ್ಲಿ ಮೇಲಿನ ಇಳಿಜಾರಿನಿಂದ ಕೆಂಪು ಅಂಗಿಯ ಹುಡುಗಿಯೊಬ್ಬಳು ಉಬ್ಬುಗಳ ಮೇಲೆ ಪುಟಿಯುತ್ತ ಬಂದು, ದಿಬ್ಬದಿಂದ ಚಿಮ್ಮಿ, ಆಕಾಶದಲ್ಲಿ ಎರಡೂ ಕಾಲು ಅಗಲಿಸಿ ಒಂದು ಕ್ಷಣ ನಿಂತೇಬಿಟ್ಟಳು. ಆಮೇಲೆ ಹತ್ತಿ ಬಿದ್ದ ಹಾಗೆ ಇಳಿದು ಹೋದಳು. ನನಗೇ ಅರಿವಿಲ್ಲದೆ ಕೈ ಮುಗಿದಿದ್ದೆ. ಇದಕ್ಕೆಷ್ಟು ಎಂದು ಕೇಳಬೇಕೆನ್ನಿಸದ ವಸ್ತುವನ್ನು ನಾನು ಕಂಡದ್ದು ಅದೇ ಮೊದಲು.

ನಮ್ಮ ಗುರುಗಳು ಒಕಾದಾ ಸೆನ್ಸೇ. ವಯಸ್ಸಿನಲ್ಲಿ ನಮ್ಮ ಅತ್ತೆಯವರಷ್ಟು. ಹಿಮದ ಮೇಲೆ ಜಿಂಕೆ. ತರಗತಿಯಲ್ಲಿದ್ದವರು ನಾವಿಬ್ಬರೇ. ಮೊದಲ ದಿನವಿಡೀ ನಿಲ್ಲುವುದು, ಜಾರುವುದು, ಪಕ್ಕಕ್ಕೆ ಹಗುರಾಗಿ ಬೀಳುವುದನ್ನು ಕಲಿಸಿದರು. ಎರಡನೆಯ ದಿನ ದಿಬ್ಬಗಳ ಮುಂದೆ ನಿಲ್ಲಿಸಿ, ಜಪಾನಿ ಮತ್ತು ಇಂಗ್ಲಿಷನ್ನು ಕಲಸಿ ಕೇಳಿದರು.

"ಭಯವಾಗುತ್ತದಾ?"

"ಏನೇನೂ ಇಲ್ಲ," ಎಂದೆ ನಾನು. ಆದರೂ ಫೋಮಿನ ಅಂಟುಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿದುಕೊಂಡೆ.

"ನಂಗೆ ತುಂಬಾ ಭಯ," ಎಂದಳು ವಸುಧಾ.

ಸೆನ್ಸೇಯ ಮುಖ ಅರಳಿತು. ವಸುಧಾಳ ಕೈ ಹಿಡಿದುಕೊಂಡು ಹೇಳಿದರು: "ಒಳ್ಳೆಯದು. ಭಯವನ್ನು ಕೇಳಿ, ಇವತ್ತು ಎಲ್ಲಿಯವರೆಗೆ ಅಂತ. ಅದು ಹೇಳಿದಲ್ಲಿಗೆ ನಿಲ್ಲಿಸಿ. ನಾಳೆ ಮತ್ತೆ ಕೇಳಿ. ಇಲ್ಲಿ ಯಾರು ಬೇಕಾದರೂ ಇವತ್ತಿಗೆ ಇಷ್ಟು ಸಾಕು ಅನ್ನಬಹುದು. ಯಾರೂ ನಗುವುದಿಲ್ಲ." ಆಮೇಲೆ ನನ್ನ ಕಡೆ ತಿರುಗಿ, ಸ್ವಲ್ಪ ಕಳವಳದಿಂದ, "ಕೈ ಮುಂದೆ. ಎದೆ ಮುಂದೆ. ಮೊಣಕಾಲು ಮಡಚಿರಬೇಕು. ಭಯ ಹಿಂದಕ್ಕೆ ಎಳೆಯುತ್ತದೆ. ಹಿಂದಕ್ಕೆ ವಾಲಿದವರು ಬೀಳುತ್ತಾರೆ," ಎಂದರು.

ವಸುಧಾ ಮೊಣಕಾಲೆತ್ತರದ ದಿಬ್ಬದ ಮುಂದೆ ನಿಂತಳು. ಮೊದಲು ನಡೆದು ಹತ್ತಿ ನೋಡಿದಳು. ಆಮೇಲೆ ಪಕ್ಕದಲ್ಲಿ ಜಾರಿ ನೋಡಿದಳು. ಕೊನೆಗೆ ಮಂಡಿ ಬಗ್ಗಿಸಿ, ಎದೆ ಮುಂದಕ್ಕೆ ಚಾಚಿ, ಎರಡೂ ಕೈ ಮುಂದಿಟ್ಟುಕೊಂಡು ಹೊರಟಳು. ಈ ಭಂಗಿ ಎಲ್ಲಿ ನೋಡಿದ್ದೇನೆ? ಹೊಳೆಯಿತು: ಬಾಗಿಲ ಮುಂದೆ ರಂಗೋಲಿ ಎಳೆಯುವ ಭಂಗಿ! ಚಿಕ್ಕಂದಿನಿಂದ ದಿನಾ ಬೆಳಿಗ್ಗೆ ಅವಳು ಸ್ಕೀ ಅಭ್ಯಾಸ ಮಾಡುತ್ತಿದ್ದಳು, ನಮಗೇ ಗೊತ್ತಿರಲಿಲ್ಲ. ದಿಬ್ಬದ ತುದಿಯಿಂದ ಎದ್ದಳು, ಗುಬ್ಬಿಯ ಹಾಗೆ ಹಾರಿದಳು, ಗುಬ್ಬಿಯ ಹಾಗೆ ಇಳಿದಳು. ನಾನು ಮದುವೆಯಾದ ಹೆಂಡತಿ ಗಾಳಿಯಲ್ಲಿದ್ದದ್ದನ್ನು ನಾನು ಕಣ್ಣಾರೆ ಕಂಡೆ. ಆ ಕೆಂಪಂಗಿಯ ಹುಡುಗಿಯನ್ನು ಕಂಡಾಗಲೂ ಎದೆ ಅಷ್ಟು ಹೊಡೆದುಕೊಂಡಿರಲಿಲ್ಲ.

"ಇವತ್ತಿಗೆ ಇಷ್ಟು ಸಾಕು ಸೆನ್ಸೇ," ಎಂದಳು ವಸುಧಾ. ಯಾರೂ ನಗಲಿಲ್ಲ.

ನನ್ನ ಸರದಿ. ಪಕ್ಕದಲ್ಲೇ ಸೊಂಟದೆತ್ತರದ ಇನ್ನೊಂದು ದಿಬ್ಬವಿತ್ತು. ಎರಡಕ್ಕೂ ಟಿಕೆಟ್ಟು ಒಂದೇ. "ಸೆನ್ಸೇ, ನಾನು ದೊಡ್ಡದಕ್ಕೇ ಹೋಗ್ತೀನಿ. ನಡುವೆ ಚಿಕ್ಕದು ಯಾಕೆ?" ಎಂದು ಚೌಕಾಸಿಗಿಳಿದೆ. ಸೆನ್ಸೇ ಬೇಡ ಎಂದು ಎರಡೂ ಕೈಗಳನ್ನು ಅಡ್ಡ ಹಿಡಿದು, ಉದ್ದವಾಗಿ "ಸ್ಸ್ಸ್ಸ್ಸ್" ಎಂದರು.

"ರೀ, ಮಣೆ ನೆನಪಿದ್ಯಾ?" ಎಂದು ವಸುಧಾ ಕೂಗಿದಳು.

ನೆನಪಿತ್ತು. ಮೊಣಕಾಲು ತಟ್ಟಿ ನೋಡಿಕೊಂಡು ಹೊರಟೆ. ದಿಬ್ಬ ಹತ್ತಿರವಾಗುತ್ತ ದೊಡ್ಡದಾಯಿತು, ಇನ್ನೂ ದೊಡ್ಡದಾಯಿತು. ಆಗ ನನ್ನ ದೇಹ, ನನ್ನನ್ನು ಕೇಳದೆ, ತನಗೆ ಗೊತ್ತಿದ್ದ ಏಕೈಕ ವಿದ್ಯೆಯನ್ನು ಮಾಡಿತು. ಹಿಂದಕ್ಕೆ ವಾಲಿತು. ಬೆಟ್ಟ "ಬನ್ನಿ ಸಾರ್" ಎಂದು ಕರೆಯಲಿಲ್ಲ.

ಆದರೂ ಹೇಳಲೇಬೇಕು, ಗಾಳಿಯಲ್ಲಿದ್ದ ಆ ಕ್ಷಣ ಅದ್ಭುತವಾಗಿತ್ತು. ಬೆಣ್ಣೆಯ ಆಂಜನೇಯರು ತಲೆಕೆಳಗಾಗಿ ಕಂಡರು. ನನ್ನ ಉದ್ದನೆಯ ಸ್ಕೀಗಳು ಆಕಾಶ ನೋಡುತ್ತಿದ್ದವು. ಜಗತ್ತಿನಲ್ಲಿ ಸದ್ದೇ ಇರಲಿಲ್ಲ. ಪಕ್ಕಕ್ಕೆ ಹಗುರಾಗಿ ಬೀಳಬೇಕೆಂದು ಕಲಿತದ್ದು ನೆನಪಾಯಿತು. ಆದರೆ ಅದಕ್ಕೆ ಮೊಣಕಾಲು ಮಡಚಬೇಕು. ಮಾನಿಟರು ಫೋಮು ಒಪ್ಪಲಿಲ್ಲ. ಕಾಲೆರಡೂ ದೊಣ್ಣೆಯ ಹಾಗೆ ಮುಂದೆ ಚಾಚಿದ್ದಂತೆಯೇ, ನನ್ನ ಸಮಸ್ತ ಭಾರವನ್ನೂ ಹೊತ್ತು, ಹಿಂಭಾಗವು ಜಪಾನ್ ದೇಶವನ್ನು ಮುಟ್ಟಿತು.

ವಸುಧಾ ಜಾರುತ್ತ ಬಂದಳು. ಅವಳ ಮುಖ ಬಿಳಿಚಿಕೊಂಡಿತ್ತು. "ರೀ, ಮೊಣಕಾಲು?"

"ಏನೂ ಆಗಿಲ್ಲ," ಎಂದೆ, ನಿಜವನ್ನೇ. "ಮೊಣಕಾಲು ಬಿಟ್ಟು ಬೇರೆ ಏನಾದ್ರೂ ಕೇಳು."

ಬೆಟ್ಟದ ಕೆಳಗಿನ ಊರಿನ ಆಸ್ಪತ್ರೆಯಲ್ಲಿ ವೈದ್ಯರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, ಬೆನ್ನುಮೂಳೆಯ ಬಾಲದ ತುದಿಯಲ್ಲಿ ಒಂದು ಸಣ್ಣ ಬಿರುಕು ತೋರಿಸಿದರು. ಬ್ಯಾಂಡೇಜಿಲ್ಲ, ಔಷಧಿ ಹೆಚ್ಚಿಲ್ಲ. ನಡೆಯಬಹುದು, ಮಲಗಬಹುದು. "ಕೂರುವುದು ಮಾತ್ರ ಕೆಲವು ವಾರ ಕಷ್ಟ," ಎಂದರು.

ವಸುಧಾ ನನ್ನನ್ನು ನೋಡಿದಳು. ನಾನು ಗೋಡೆ ನೋಡಿದೆ. ಮೈಸೂರಿನವರೆಲ್ಲ ನನ್ನಿಂದ ಬಯಸಿದ್ದು ಒಂದೇ ಕೆಲಸ, ಕೂರುವುದು. ಗ್ಯೋಟೋಕುವಿಗೆ ಹಿಂದಿರುಗುವ ಬಸ್ಸಿನಲ್ಲಿ ನಾನು ಉದ್ದಕ್ಕೂ ನಿಂತಿದ್ದೆ. ವೀಣಾಳ ಧಾರೆಯ ಯೋಚನೆಯಲ್ಲಿ, ಕೂರದ ಸೀಟಿನ ದುಡ್ಡು ವಾಪಸ್ ಕೇಳುವುದನ್ನೂ ಮರೆತೆ. ಅದನ್ನು ನೋಡಿ ವಸುಧಾಗೆ ನಿಜವಾದ ಗಾಬರಿಯಾಯಿತು.

ವೈದ್ಯರು ನಡುವೆ ತೂತಿರುವ ದಿಂಬು ಕೊಳ್ಳಲು ಹೇಳಿದ್ದರು. ಅದಕ್ಕೆ ರಿಯಾಯಿತಿ ಇರಲಿಲ್ಲ. ಮೂರು ಅಂಗಡಿಯಾಚೆ, ಬೇಸಿಗೆಯಲ್ಲಿ ಮಾರದೆ ಉಳಿದ ಈಜುವ ಟ್ಯೂಬುಗಳಿಗೆ ಭಾರಿ ರಿಯಾಯಿತಿ ಇತ್ತು. ತೂತು ತೂತೇ ಅಲ್ಲವೇ? ನನ್ನದರಲ್ಲಿ ಒಂದು ಪೆಂಗ್ವಿನ್ನಿನ ತಲೆ ಮುಂದಕ್ಕೆ ಚಾಚಿಕೊಂಡಿತ್ತು. ಬೆಂಗಳೂರಿನವರೆಗೆ ವಿಮಾನದಲ್ಲಿ ಅದರ ಮೇಲೆಯೇ ಕೂತು ಬಂದೆ. ಗಗನಸಖಿ, ನೀರಿನ ಮೇಲೆ ಇಳಿಯುವ ಸಂಭವವಿಲ್ಲ ಎಂದು ನನಗೆ ಮತ್ತೆ ಮತ್ತೆ ಸಮಾಧಾನ ಹೇಳಿದಳು.

ಮದುವೆ ಮಂಟಪದಲ್ಲಿ ಪುರೋಹಿತರು ನಾನು ಮಣೆಯ ಮೇಲಿಟ್ಟ ಟ್ಯೂಬನ್ನೇ ನೋಡುತ್ತ ಕೇಳಿದರು: "ಯಜಮಾನ್ರೇ, ಇದೇನು?"

"ಜಪಾನಿಂದು. ಮಡಿ ವಸ್ತು. ಇನ್ನೂ ನೀರು ಸೋಕಿಲ್ಲ."

ರೇಷ್ಮೆ ಪಂಚೆಯಲ್ಲಿ ಪೆಂಗ್ವಿನ್ನನ್ನು ಮುಚ್ಚಿ ಕೂತೆ. ನೆಟ್ಟಗೆ ಕೂತರೆ ಪ್ರಾಣ ಹೋಗುತ್ತಿತ್ತು. ಹಿಂದಕ್ಕೆ ವಾಲಿದರೆ ನಕ್ಷತ್ರ ಕಾಣುತ್ತಿತ್ತು. ಹುಡುಕಿ ಹುಡುಕಿ, ನೋವಿಲ್ಲದ ಒಂದೇ ಒಂದು ಭಂಗಿ ಸಿಕ್ಕಿತು. ಮೊಣಕಾಲು ಪೂರ್ತಿ ಮಡಚಿ, ಎದೆ ಮುಂದಕ್ಕೆ ಬಾಗಿಸಿ, ಎರಡೂ ಕೈ ಮುಂದೆ ಚಾಚಿದೆ. ಹಾಗೆಯೇ ಕೊನೆಯವರೆಗೂ ಕೂತೆ. ವೀಣಾಳ ಕೈಯ ಮೇಲೆ ನೀರು ಬಿಟ್ಟಾಗ ಅತ್ತೆಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಕಣ್ಣಲ್ಲೂ ನೀರು ಬಂತು, ಎಲ್ಲವೂ ನೋವಿನದ್ದಲ್ಲ.

"ಫಾರಿನ್ನಿಂದ ಬಂದವ್ರು, ಎಷ್ಟು ತಗ್ಗಿ ಬಗ್ಗಿ ಕೂತಿದಾರೆ ನೋಡಿ," ಎಂದು ಹಿಂದಿನಿಂದ ಯಾರೋ ಹಿರಿಯರು ಮೆಚ್ಚಿದರು.

ವಸುಧಾ ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದಳು: "ಈ ಬುದ್ಧಿ ಬೆಟ್ಟದ ಮೇಲೆ ಎಲ್ಲಿ ಹೋಗಿತ್ತು ರೀ?"

ಮಂಟಪದಲ್ಲಿ ನಾನು ಹಾಗೆ ಕೂತಿದ್ದಾಗ ತೆಗೆದ ಫೋಟೋದ ಒಂದು ಪ್ರತಿಯನ್ನು ಅವಳು ಒಕಾದಾ ಸೆನ್ಸೇಗೆ ಕಳಿಸಿದಳು. ಮಾರನೆಯ ಚಳಿಗಾಲ ಅವಳು ಮತ್ತೆ ಹೋಗಿ, ಸೊಂಟದೆತ್ತರದ ದಿಬ್ಬವನ್ನು ಗುಬ್ಬಿಯ ಹಾಗೆ ದಾಟಿ ಬಂದಳು. ನಾನು ಟಿಕೆಟ್ಟು ಕೊಂಡು, ಕೆಳಗೆ ನಿಂತು, ಕೈ ಮುಗಿದು ನೋಡಿದೆ. ಅಲ್ಲಿ ಹೊಸಬರ ಕೋಣೆಯ ಗೋಡೆಯ ಮೇಲೆ ನನ್ನ ಫೋಟೋ ಅಂಟಿಸಿದ್ದರು. ಕೆಳಗೆ ಸೆನ್ಸೇಯ ಅಕ್ಷರದಲ್ಲಿ "ಸರಿಯಾದ ಭಂಗಿ" ಎಂದಿತ್ತು. ಅದರ ಮುಂದೆ ನಾನು ಎದೆಯುಬ್ಬಿಸಿ ನಿಂತಿದ್ದೆ. ಕಲಿಯಲು ಬಂದಿದ್ದ ಮಕ್ಕಳು ಹತ್ತಿರ ಬಂದು ಫೋಟೋ ನೋಡಿದರು, ನನ್ನನ್ನು ನೋಡಿದರು, ಗುಜುಗುಜು ಮಾತಾಡಿಕೊಂಡರು. ಕೊನೆಗೆ ಒಬ್ಬಳು ಪುಟಾಣಿ, ಪಂಚೆಯ ಕೆಳಗಿನಿಂದ ಇಣುಕುತ್ತಿದ್ದ ಕೊಕ್ಕಿನ ಮೇಲೆ ಬೆರಳಿಟ್ಟು, ಕ್ಷಮೆ ಬೇಡಿ, ನನ್ನನ್ನು ಬಹಳ ಮರ್ಯಾದೆಯಿಂದ ಕೇಳಿದಳು:

"ಸುಮಿಮಾಸೆನ್, ಪೆಂಗ್ವಿನ್-ಸಾನ್ ಬಂದಿಲ್ವಾ?"