ಸರ್ವ ಸದಸ್ಯರ ಪರವಾಗಿ

ಚುನಾವಣೆ ಬಂದರೆ ಸಾಕು, ಸಂಘದ ಬಾಯಿಂದ ತನ್ನ ಮಾತು ಹೇಳಿಸುವ ಆಸೆ ಯಾರಿಗಾದರೂ ಹುಟ್ಟುತ್ತದೆ. ಕಡಬ ಕಡೆಯ ಸಣ್ಣ ಪೇಟೆಯೊಂದರಲ್ಲಿ ನನ್ನದು ವಾಚ್ ರಿಪೇರಿ ಅಂಗಡಿ. ಬಹಳ ವರ್ಷದಿಂದ ವರ್ತಕರ ಸಂಘದ ಕಾರ್ಯದರ್ಶಿ. ಹೆಚ್ಚು ಮಾತಾಡುವುದಿಲ್ಲವೆಂದು ಆರಿಸಿದ್ದು.

ಕಳೆದ ಚುನಾವಣೆಯ ಹೊತ್ತಿಗೆ ನಮ್ಮ ರಸ್ತೆ ಪೂರ್ತಿ ಹೊಂಡ. ನೆಟ್ಟಣಕ್ಕೆ ರೈಲು ಹಿಡಿಯಲು ಹೋಗುವವರೆಲ್ಲ ಬೇರೆ ದಾರಿ ಹಿಡಿದಿದ್ದರು. ಡಾಮರು ಬೀಳದಿದ್ದರೆ ನಾಲ್ಕೈದು ಅಂಗಡಿ ಮುಚ್ಚುವುದು ಖಂಡಿತ.

೧. ಬ್ಯಾನರ್

ಅಧ್ಯಕ್ಷರದ್ದು ಬಟ್ಟೆ ಅಂಗಡಿ. ತಮ್ಮ ಅಭ್ಯರ್ಥಿ ಗೆದ್ದರೆ ರಸ್ತೆ ಆಗುತ್ತದೆಂದು ನಂಬಿ ಬ್ಯಾನರ್ ಕಟ್ಟಿಸಿದರು. ಮೇಲೆ ಅಭ್ಯರ್ಥಿಯ ದೊಡ್ಡ ಫೋಟೋ, ಶುಭ ಹಾರೈಕೆ. ಕೆಳಗೆ ವಾಡಿಕೆಯಂತೆ 'ಅಧ್ಯಕ್ಷರು ಮತ್ತು ಸರ್ವ ಸದಸ್ಯರು.'

ಮರುದಿನ ಬೆಳಿಗ್ಗೆ ಪೇಟೆಯ ಹೋಟೆಲಿನವರು ನನ್ನ ಅಂಗಡಿಗೆ ಬಂದರು.

"ಈ ಸರ್ವ ಸದಸ್ಯರಲ್ಲಿ ನಾನು ಉಂಟಾ?"

"ಉಂಟು."

"ನನ್ನನ್ನು ತೆಗೀರಿ ಮಾರಾಯ್ರೆ. ನಾನು ಆಚೆ ಪಕ್ಷ."

'ಹೋಟೆಲಿನವರ ಹೊರತು' ಎಂದು ಚೀಟಿ ಬರೆದು ಬ್ಯಾನರಿಗೆ ಅಂಟಿಸಿದೆ. ಮಧ್ಯಾಹ್ನದೊಳಗೆ ಹದಿಮೂರು ಚೀಟಿಗಳಾದವು. ಅಭ್ಯರ್ಥಿ ಮೀಸೆಯವರೆಗೆ ಮುಚ್ಚಿಹೋದರು. ಹದಿನಾಲ್ಕನೆಯ ಚೀಟಿ ಕೇಳಲು ಬಂದವರು ಪಕ್ಕದಲ್ಲೇ ಹೊಲಿಗೆ ಅಂಗಡಿ ಇಟ್ಟಿರುವ ಅಧ್ಯಕ್ಷರ ಹೆಂಡತಿ.

೨. ಗೋಳಿಬಜೆ

ಮರುವಾರ ಹೋಟೆಲಿನವರು ಸಭೆ ಕರೆಸಿದರು. ಸಂಘ ತಮ್ಮ ಪಕ್ಷವನ್ನು ಬೆಂಬಲಿಸಬೇಕಂತೆ.

"ದೊಡ್ಡ ದೊಡ್ಡ ಕಂಪೆನಿಗಳು ಬೆಂಬಲ ಕೊಡುದಿಲ್ವಾ? ನಾವು ಕೊಟ್ಟರೆ ಎಂತ?"

ಹಾರ್ಡ್‌ವೇರ್ ಅಂಗಡಿಯ ಹಾಜಿಯವರು ಕೇಳಿದರು, "ಕಂಪೆನಿಗೆ ಓಟು ಉಂಟಾ?"

"ಇಲ್ಲ."

"ಮತ್ತೆ ಬಾಯಿ ಯಾಕೆ?"

ಹೋಟೆಲಿನವರು ತಮ್ಮ ಹೋಟೆಲಿನಿಂದ ಆಗಷ್ಟೇ ಕರಿದ ಬಿಸಿ ಗೋಳಿಬಜೆ ತರಿಸಿದರು. ನಮ್ಮಲ್ಲಿ ಯಾರೂ ಆಕ್ಷೇಪ ಹೇಳದಿದ್ದರೆ ನಿರ್ಣಯ ಪಾಸು. ಎಲ್ಲರ ಬಾಯಿ ತುಂಬಿದ ಮೇಲೆ ಅವರು ನಿರ್ಣಯ ಓದಿದರು. ಯಾರೂ ಮಾತಾಡಲಿಲ್ಲ.

"ಪಾಸು," ಎಂದರು.

ಹಾಜಿಯವರು ನುಂಗಿ, ನೀರು ಕುಡಿದು ಹೇಳಿದರು, "ಆಕ್ಷೇಪ ನಾಲಗೆಯಲ್ಲೇ ಇತ್ತು. ಸುಟ್ಟುಹೋಯಿತು."

ನನ್ನ ಕೈಯೆಲ್ಲ ಎಣ್ಣೆ. ಹಾಗಾಗಿ ನಿರ್ಣಯ ಪುಸ್ತಕ ಮುಟ್ಟಲಿಲ್ಲ. ಬರೆಯದ ನಿರ್ಣಯ ನಿರ್ಣಯವಲ್ಲ.

೩. ಬಹಿಷ್ಕಾರ

ಕೊನೆಗೆ ಹಾಜಿಯವರೇ ದಾರಿ ಹೇಳಿದರು. "ಸಂಘ ಪಕ್ಷದ್ದು ಮಾತಾಡುದು ಬೇಡ. ರಸ್ತೆದ್ದು ಮಾತಾಡಲಿ."

ಹೊಸ ಬ್ಯಾನರ್ ಬಂತು: 'ರಸ್ತೆ ಇಲ್ಲದೆ ಓಟು ಇಲ್ಲ.' ಎಲ್ಲರೂ ಒಪ್ಪಿದರು. ಅಧಿಕಾರಿಗಳು ಬಂದು ಸಮಾಧಾನ ಹೇಳಿದರೂ ಒಬ್ಬರೂ ಜಗ್ಗಲಿಲ್ಲ.

ಮತದಾನದ ದಿನ ಬೆಳಿಗ್ಗೆ ಏಳಕ್ಕೇ ಮತಗಟ್ಟೆ ಇದ್ದ ಶಾಲೆಗೆ ಹೋದೆ, ಯಾರೂ ಇರದ ಹೊತ್ತೆಂದು. ಸಾಲಿನಲ್ಲಿ ನನ್ನ ಮುಂದೆ ಮುಖಕ್ಕೆ ಮಾಸ್ಕ್, ತಲೆಗೆ ಬೈರಾಸು ಸುತ್ತಿದವರೊಬ್ಬರು. ಅಂಗಿ ಅಧ್ಯಕ್ಷರದ್ದು.

"ಬಹಿಷ್ಕಾರ ಅಲ್ವಾ?" ಎಂದೆ.

"ಬಹಿಷ್ಕಾರ ಸಂಘದ್ದು. ಓಟು ನನ್ನದು. ನಾನು ಬಿಟ್ಟು, ಆ ಹೋಟೆಲಿನವ ಹಾಕಿದರೆ?"

ಅವರ ಮುಂದಿದ್ದವರು ತಿರುಗಿದರು. ಹೋಟೆಲಿನವರು. "ನೀವು ಹಾಕ್ತೀರಿ ಅಂತ ಗೊತ್ತಿತ್ತು. ಅದಕ್ಕೇ ಬಂದದ್ದು."

ಅಷ್ಟರಲ್ಲಿ ಮತಗಟ್ಟೆಯೊಳಗಿಂದ ಹಾಜಿಯವರು ಹೊರಬಂದರು. ಬೆರಳಿನ ಶಾಯಿ ಇನ್ನೂ ಹಸಿ. ಸಾಲನ್ನು ತುದಿಯವರೆಗೆ ನೋಡಿದರು. ಇಡೀ ಪೇಟೆ ನಿಂತಿತ್ತು.

"ಸಭೆಗೆ ಯಾವತ್ತೂ ಇಷ್ಟು ಜನ ಬಂದದ್ದಿಲ್ಲ," ಎಂದರು. "ಕಾರ್ಯದರ್ಶಿಗಳೇ, ರಸ್ತೆದ್ದು ಒಂದು ನಿರ್ಣಯ ಮಾಡಿಬಿಡುವಾ?"

ಅಲ್ಲೇ ಮಾಡಿದೆವು. ಡಾಮರು ಬೀಳುವವರೆಗೆ ಸಂಘದ ಬಹಿಷ್ಕಾರ ಮುಂದುವರಿಯತಕ್ಕದ್ದು. ಯಾರ ಆಕ್ಷೇಪವೂ ಇರಲಿಲ್ಲ.

ಆಮೇಲೆ ಒಬ್ಬೊಬ್ಬರಾಗಿ ಒಳಗೆ ಹೋಗಿ ಓಟು ಹಾಕಿ ಬಂದೆವು.